ವಾರಕ್ಕೊಮ್ಮೆ ನೀರಿಗಿಳಿಯುವ ಹಾಯಿದೋಣಿ: ಕುಂದಾಪುರದ ಹೊಳೆಬದಿಯ ಒಂದು ಪ್ರಕರಣ

ಇದು ಹದಿನೈದು ಅಡಿ ಉದ್ದದ ಮರದ ಹಾಯಿದೋಣಿಯೊಂದರ ಪ್ರಕರಣ. ಮೀನು ಹಿಡಿಯಲು ಅಥವಾ ಸರಕು ಸಾಗಿಸಲು ಕಟ್ಟಿಸಿದ ದೋಣಿ ಇದಲ್ಲ. ಮಧ್ಯಾಹ್ನದ ಊಟ ಮುಗಿಸಿ ಹೊಳೆಗಿಳಿದು, ಹೊತ್ತು ಮುಳುಗುವುದರೊಳಗೆ ಮನೆ ಸೇರುವ ನಿಧಾನದ ವಿಹಾರಕ್ಕೆಂದೇ ಮಾಡಿಸಿದ್ದು. ಕಟ್ಟಿದವರು ನುರಿತವರು, ಬಳಸಿದ ಮರ ಒಳ್ಳೆಯದು, ಆಕಾರದಲ್ಲಿಯೂ ದೋಷವಿರಲಿಲ್ಲ. ಆದರೂ ನೀರಿಗಿಳಿದ ಎರಡನೆಯ ತಿಂಗಳಿನಿಂದಲೇ ಅದು ಸೋರತೊಡಗಿತು ಮತ್ತು ವರ್ಷ ತುಂಬುವ ಮೊದಲೇ ಆ ಮನೆಯ ಪಾಲಿಗೆ ಉಪಯೋಗಕ್ಕೆ ಬಾರದಂತಾಯಿತು. ಅದರ ನಕ್ಷೆ ಬಿಡಿಸಿದವನು ನಾನೇ ಆದ್ದರಿಂದ, ನಿರ್ಧಾರಗಳು ಎಲ್ಲಿ ದಾರಿ ತಪ್ಪಿದವು ಎಂಬುದನ್ನು ಹತ್ತಿರದಿಂದ ಬಲ್ಲೆ. ಕುಂದಾಪುರದ ಆಸುಪಾಸಿನ ಆ ಹಳ್ಳಿಯ ಹೆಸರನ್ನೂ ವ್ಯಕ್ತಿಗಳ ಹೆಸರುಗಳನ್ನೂ ಬೇಕೆಂದೇ ಕೈಬಿಟ್ಟಿದ್ದೇನೆ. ಗುರುತು ಹತ್ತಬಹುದಾದ ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ.

ಹಿನ್ನೆಲೆ

ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ ಮತ್ತು ಖೇಟಕಿ ನದಿಗಳು ಕೂಡಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯ ಬಳಿ ಕಡಲು ಸೇರುತ್ತವೆ. ಸೇರುವ ಮುನ್ನ ಆ ನೀರು ಕುದ್ರುಗಳ, ಅಂದರೆ ಹೊಳೆಯ ನಡುವಿನ ಸಣ್ಣ ದ್ವೀಪಗಳ, ನಡುವೆ ಅಗಲವಾಗಿ ಹರಡಿಕೊಳ್ಳುವುದರಿಂದ, ಅಲೆಯ ಹೊಡೆತವಿಲ್ಲದೆಯೂ ಗಾಳಿ ಧಾರಾಳವಾಗಿ ಸಿಗುವ ಒಂದು ಜಾಗ ಅಲ್ಲಿ ತಾನಾಗಿಯೇ ಏರ್ಪಟ್ಟಿದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಗಾಳಿಯ ದಿನಚರಿ ಹೆಚ್ಚುಕಡಿಮೆ ಒಂದೇ ತೆರನಾದದ್ದು: ಬೆಳಗಿನ ಜಾವ ಘಟ್ಟದ ಕಡೆಯಿಂದ ತೆಳುವಾಗಿ ಬೀಸುವ ನೆಲಗಾಳಿ ಬಿಸಿಲೇರುತ್ತಿದ್ದಂತೆ ಸತ್ತುಹೋಗುತ್ತದೆ, ಸ್ವಲ್ಪ ಹೊತ್ತು ನೀರು ಕನ್ನಡಿಯಂತಾಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಪಶ್ಚಿಮ ಅಥವಾ ವಾಯವ್ಯದಿಂದ ಕಡಲಗಾಳಿ ಏಳುತ್ತದೆ. ಎರಡು ಗಂಟೆಯಿಂದ ಐದರವರೆಗೆ ಅದು ಸಣ್ಣ ಹಾಯಿಗೆ ಹೇಳಿ ಮಾಡಿಸಿದಂತಿರುತ್ತದೆ. ಸಂಜೆಗೆ ಅದೂ ಇಳಿಯುತ್ತದೆ.

ದೋಣಿ ಬಯಸಿದವರು ನಿವೃತ್ತ ಅಧ್ಯಾಪಕರು. ಅವರ ಅಜ್ಜ ಮಂಗಳೂರು ಹೆಂಚು ಹೇರಿಕೊಂಡು ಹೋಗುತ್ತಿದ್ದ ಮಂಜಿಯಲ್ಲಿ, ಅಂದರೆ ಸರಕು ಸಾಗಿಸುವ ಹಾಯಿಹಡಗಿನಲ್ಲಿ, ದುಡಿದವರು. ಹಾಯಿಯ ಮಾತು ಕೇಳುತ್ತಲೇ ಬೆಳೆದ ಮನೆ ಅದು. ಹೊಳೆಗೆ ತಾಗಿದ ತೆಂಗಿನ ತೋಟ, ತೋಟದ ಅಂಚಿನಲ್ಲಿ ತಗಡಿನ ಮಾಡಿನ ಒಂದು ಕೊಟ್ಟಿಗೆ, ಅಲ್ಲಿಂದ ನೀರಿನವರೆಗೆ ಇಳಿಜಾರಾದ ಮಣ್ಣಿನ ದಾರಿ ಅವರಿಗಿದ್ದವು. ದೋಣಿಯನ್ನು ಗಾಲಿಬಂಡಿಯ ಮೇಲೆ ಕೊಟ್ಟಿಗೆಯಲ್ಲಿಟ್ಟು, ಭಾನುವಾರ ಮಾತ್ರ ನೀರಿಗಿಳಿಸುವುದು ಅವರ ಯೋಜನೆ. ಈ ವಾಕ್ಯವನ್ನು ಅವರು ಮೊದಲ ಭೇಟಿಯಲ್ಲಿಯೇ ಹೇಳಿದ್ದರು. ನಾನು ಅದನ್ನು ಕೇಳಿಸಿಕೊಂಡೆ, ಆದರೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕಟ್ಟಲು ಒಪ್ಪಿದವರು ಎಪ್ಪತ್ತು ದಾಟಿದ ಒಬ್ಬ ಆಚಾರ್ಯರು, ಅಂದರೆ ಮರಗೆಲಸದವರು. ಫೈಬರ್ ದೋಣಿಗಳು ಬಂದು ಮರದ ಕೆಲಸ ಕುಗ್ಗುವ ಮೊದಲು ಅವರು ಮೀನುಗಾರಿಕೆಯ ದೋಣಿಗಳನ್ನು ಕಟ್ಟಿದವರು. ನಕ್ಷೆಯಿಲ್ಲದೆ, ಕಣ್ಣಳತೆಯಲ್ಲಿಯೇ ಎರಡೂ ಮಗ್ಗುಲನ್ನು ಸರಿಸಮ ತರುವ ಕೈ ಅವರದು. ಅವರೊಡನೆ ಒಂದು ತಿಂಗಳು ಕೆಲಸ ಮಾಡಿದ ಬಳಿಕ, ನಾನು ಕಾಗದದ ಮೇಲೆ ಕಲಿತದ್ದನ್ನು ಅವರು ಬಾಚಿಯ ತುದಿಯಲ್ಲಿ ಬಲ್ಲರು ಎಂಬುದು ನನಗೆ ಖಚಿತವಾಯಿತು.

ಮೊದಲ ದೋಣಿ

ಉದ್ದ ಹದಿನೈದು ಅಡಿ, ಅಗಲ ಐದೂವರೆ ಅಡಿ, ಹಿಂಬದಿ ಚಪ್ಪಟೆ. ಅಡಿಮರಕ್ಕೆ ಬೋಗಿ, ಹಲಗೆ ಮತ್ತು ಪಕ್ಕೆಮರಗಳಿಗೆ ಹೆಬ್ಬಲಸು. ಹಲಗೆಗಳ ದಪ್ಪ ಮುಕ್ಕಾಲು ಇಂಚು, ಅಂದರೆ 19 ಮಿಲಿಮೀಟರ್. ಅಂಚಿಗೆ ಅಂಚು ತಾಗಿಸಿ, ಪಕ್ಕೆಮರಗಳಿಗೆ ತಾಮ್ರದ ಮೊಳೆ ಹೊಡೆದು, ಸಂದುಗಳಿಗೆ ಹತ್ತಿಯ ನೂಲು ತುರುಕಿ, ರಾಳವನ್ನೂ ಎಣ್ಣೆಯನ್ನೂ ಕಾಯಿಸಿ ಮಾಡಿದ ಲೇಪ ಹಚ್ಚಲಾಯಿತು. ಒಳಗೂ ಹೊರಗೂ ಗೇರುಬೀಜದ ಸಿಪ್ಪೆಯ ಎಣ್ಣೆ. ಕರಾವಳಿಯಲ್ಲಿ ತಲೆಮಾರುಗಳಿಂದ ಪರೀಕ್ಷೆಗೊಳಗಾದ ಕ್ರಮ ಇದು. ಗಾಳಿಗೆ ಅಡ್ಡವಾಗಿ ಜಾರಿಹೋಗದಿರಲು, ತಳದ ಸೀಳಿನ ಮೂಲಕ ಇಳಿಸಿ ಎತ್ತಬಹುದಾದ ನಡುಹಲಗೆಯೊಂದನ್ನು ಮಾತ್ರ ನಾನು ಹೊಸದಾಗಿ ಸೇರಿಸಿದೆ. ಊರಿನ ದೋಣಿಗಳಲ್ಲಿ ಅದು ಇರುವುದಿಲ್ಲ. ತೆಳುನೀರಿನಲ್ಲಿ ಗಾಳಿಗೆದುರಾಗಿ ಓರೆಯೋರೆಯಾಗಿ ಸಾಗಬೇಕಾದ ಹಾಯಿದೋಣಿಗೆ ಅದಿಲ್ಲದೆ ನಡೆಯುವುದಿಲ್ಲ.

ನಕ್ಷೆಯಲ್ಲಿ ನಾನು ಅಂದಾಜಿಸಿದ ತೂಕ ಸುಮಾರು 200 ಕಿಲೋ. ಕಟ್ಟಿ ಮುಗಿಸಿದಾಗ ಅದು 260 ಕಿಲೋ ತೂಗಿತು. ಆಚಾರ್ಯರು ಪಕ್ಕೆಮರಗಳನ್ನು ಮೀನುಗಾರಿಕೆಯ ದೋಣಿಯ ಅಳತೆಗೇ ಇಟ್ಟಿದ್ದರು. ಬಲೆಯ ಭಾರವನ್ನೂ ದಡಕ್ಕೆ ಅಪ್ಪಳಿಸುವ ಅಲೆಯನ್ನೂ ತಡೆಯಬೇಕಾದ ದೋಣಿಗೆ ಆ ಅಳತೆ ಸರಿ. ಜನವರಿಯ ಕೊನೆಯಲ್ಲಿ ತೆಂಗಿನಕಾಯಿ ಒಡೆದು ನೀರಿಗಿಳಿಸಿದಾಗ ಮೊದಲ ದಿನ ತುಸು ನೀರು ಕುಡಿಯಿತು, ಮರುದಿನ ಸಂದುಗಳು ಬಿಗಿದವು, ಮೂರನೆಯ ದಿನ ಒಳಗೆ ತೇವವೂ ಇರಲಿಲ್ಲ. ಎಲ್ಲರೂ ಸಂತೋಷಪಟ್ಟೆವು.

ಹಾಯಿಯ ವಿಷಯವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಮೊದಲು ಕಟ್ಟಿದ್ದು ಈ ಕರಾವಳಿಯ ಹಳೆಯ ಬಗೆಯ, ಉದ್ದನೆಯ ಓರೆಮರಕ್ಕೆ ಬಿಗಿದ ಮುಕ್ಕೋನದ ಹಾಯಿ. ನೋಡಲು ಅದಕ್ಕಿಂತ ಚೆಲುವಾದದ್ದಿಲ್ಲ. ಆದರೆ ದಿಕ್ಕು ಬದಲಿಸುವಾಗಲೆಲ್ಲ ಆ ಮರವನ್ನು ಕೂವೆಯ (ಹಾಯಿ ಕಟ್ಟುವ ನೆಟ್ಟಗಿನ ಕಂಬದ) ಇನ್ನೊಂದು ಮಗ್ಗುಲಿಗೆ ದಾಟಿಸಲು ಎರಡನೆಯವರ ಕೈ ಬೇಕು. ಜೊತೆಗೆ ಗಾಳಿ ಹೆಚ್ಚಿದಾಗ ದೋಣಿಯ ಮೂತಿ ತಾನಾಗಿ ಗಾಳಿಯ ಕಡೆಗೆ ತಿರುಗಲು ಎಳೆಯುತ್ತಿತ್ತು, ಚುಕ್ಕಾಣಿ ಹಿಡಿದವರ ತೋಳು ಸೋಲುತ್ತಿತ್ತು. ಹಾಯಿಯ ಬಲ ಕೂಡುವ ಬಿಂದು ನಡುಹಲಗೆಗಿಂತ ತುಂಬ ಹಿಂದಕ್ಕೆ ಬಿದ್ದದ್ದೇ ಇದಕ್ಕೆ ಕಾರಣ. ಒಂಬತ್ತು ಚದರ ಮೀಟರಿನ ನಾಲ್ಕು ಮೂಲೆಯ ಹಾಯಿಗೆ ಬದಲಾಯಿಸಿ, ಅದರ ಸ್ವಲ್ಪ ಭಾಗ ಕೂವೆಯ ಮುಂದಕ್ಕೆ ಚಾಚುವಂತೆ ಕಟ್ಟಿದಾಗ ಎರಡು ತೊಂದರೆಗಳೂ ಒಟ್ಟಿಗೆ ಹೋದವು. ಕೆಳಗಿನ ಮೂಲೆಯ ಹಗ್ಗವನ್ನು ಒಂದು ಗೇಣು ಮುಂದೆ ಕಟ್ಟಿದ್ದೇ ಚುಕ್ಕಾಣಿ ಹಗುರಾಗಲು ಸಾಕಾಯಿತು.

ಏಪ್ರಿಲ್ ತಿಂಗಳ ಒಂದು ಸಂಜೆ

ಮಾರ್ಚ್ ನಡುವಿನಿಂದ, ಪ್ರತಿ ಭಾನುವಾರ ದೋಣಿ ನೀರಿಗಿಳಿದ ಮೊದಲ ಗಂಟೆಯಲ್ಲಿ ಒಳಗೆ ನೀರು ಕಾಣಿಸತೊಡಗಿತು. ಪ್ರತಿ ವಾರ ಸ್ವಲ್ಪ ಹೆಚ್ಚು. ತಗಡಿನ ಮಾಡಿನ ಕೆಳಗೆ ಆರು ದಿನ ಬೇಯುತ್ತಿದ್ದ ಹಲಗೆಗಳು ಕುಗ್ಗುತ್ತಿದ್ದವು. ಮರ ಉದ್ದಕ್ಕೆ ಕುಗ್ಗುವುದು ನಗಣ್ಯ; ಅಗಲಕ್ಕೆ ಕುಗ್ಗುವುದು ಗಣನೀಯ, ಅದರಲ್ಲಿಯೂ ವರ್ಷದ ಉಂಗುರಗಳ ಗುಂಟ ಕುಗ್ಗುವಿಕೆ ಉಂಗುರಗಳಿಗೆ ಅಡ್ಡವಾಗಿ ಆಗುವುದರ ಸುಮಾರು ಎರಡರಷ್ಟು. ಹದಿನೈದು ಸೆಂಟಿಮೀಟರ್ ಅಗಲದ ಹಲಗೆಗಳ ನಡುವೆ ಒಂದೂವರೆ ಮಿಲಿಮೀಟರಿನವರೆಗಿನ ಸಂದುಗಳನ್ನು ನಾನೇ ಅಳೆದೆ. ಕೊಟ್ಟಿಗೆಯೊಳಗೆ ನಿಂತರೆ ದೋಣಿಯ ತಳದ ಮೂಲಕ ಬೆಳಕು ಕಾಣುತ್ತಿತ್ತು.

ಏಪ್ರಿಲ್ ಎರಡನೆಯ ವಾರ ಅಧ್ಯಾಪಕರು ಹನ್ನೊಂದು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಹೊರಟರು. ಆ ಹೊತ್ತಿಗೆ ಹೊಳೆ ಇಳಿತದಲ್ಲಿತ್ತು, ಅಂದರೆ ನೀರು ಪಶ್ಚಿಮಕ್ಕೆ ಅಳಿವೆಯ ಕಡೆ ಹರಿಯುತ್ತಿತ್ತು. ಗಾಳಿ ಅದಕ್ಕೆದುರಾಗಿ ಪೂರ್ವಕ್ಕೆ ಬೀಸುತ್ತಿತ್ತು. ಗಾಳಿ ಇರುವಷ್ಟು ಹೊತ್ತು ಈ ಜೋಡಣೆಯಿಂದ ಭಯವಿಲ್ಲ, ಏಕೆಂದರೆ ಮನೆಯ ದಾರಿ ಗಾಳಿಯ ದಾರಿಯೇ. ನಾಲ್ಕೂವರೆಯ ಹೊತ್ತಿಗೆ ಕಾಲಡಿಯ ಪಟ್ಟಿಗಳ ಮೇಲಕ್ಕೆ ನೀರು ಬಂದಿತ್ತು. ನೂರು ಲೀಟರ್ ನೀರೆಂದರೆ ನೂರು ಕಿಲೋ ತೂಕ, ಮತ್ತು ಅದು ಒಂದೆಡೆ ನಿಲ್ಲುವ ತೂಕವಲ್ಲ. ದೋಣಿ ಯಾವ ಕಡೆಗೆ ವಾಲುತ್ತದೆಯೋ ಅದೇ ಕಡೆಗೆ ಓಡಿ ವಾಲುವಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಹಗುರವಾಗಿ ಏಳುತ್ತಿದ್ದ ದೋಣಿ ಈಗ ಪ್ರತಿ ಬೀಸಿಗೂ ಬಿದ್ದೇ ಹೋಗುವಂತೆ ತೂಗುತ್ತಿತ್ತು. ಐದೂವರೆಗೆ ಗಾಳಿ ಇಳಿಯಿತು, ಇಳಿತ ಮಾತ್ರ ನಿಲ್ಲಲಿಲ್ಲ. ಅಜ್ಜಯ್ಯ ಹುಟ್ಟು ಹಾಕುತ್ತ, ಮೊಮ್ಮಗಳು ಬಕೇಟಿನಿಂದ ನೀರು ಎತ್ತಿ ಹಾಕುತ್ತ ಒಂದು ಕುದ್ರುವಿನ ಕೆಸರಿಗೆ ದೋಣಿ ತಾಗಿಸಿದರು. ಬಲೆ ಬಿಡಲು ಬಂದಿದ್ದ ನೆರೆಯವರೊಬ್ಬರು ಅವರನ್ನು ಎಳೆದು ತಂದರು. ಇಬ್ಬರೂ ಜೀವರಕ್ಷಕ ಜಾಕೆಟ್ ತೊಟ್ಟಿದ್ದರು. ಅಪಾಯ ಅಲ್ಲಿಗೆ ಮುಗಿಯಿತು. ಮರುದಿನ ಅಧ್ಯಾಪಕರು ನನಗೆ ಫೋನ್ ಮಾಡಿದಾಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದು ನನ್ನನ್ನು ಇನ್ನೂ ಹೆಚ್ಚು ಕಾಡಿತು.

ಪರಿಹಾರಕ್ಕೆಂದು ಮಾಡಿದ್ದು

ಆಚಾರ್ಯರಿಗೆ ಇದರಲ್ಲಿ ಸಮಸ್ಯೆಯೇ ಕಾಣಲಿಲ್ಲ. "ಕಾಣಿ ಮಾಷ್ಟ್ರೆ, ಹಲಗೆ ನೀರ್ ಕುಡಿದ್ರೆ ಉಬ್ಬತ್, ಒಣಗಿದ್ರೆ ಬಾಯ್ ಬಿಡತ್," ಎಂದರು. ಶನಿವಾರ ಬೆಳಗ್ಗೆ ದಡದ ತೆಳುನೀರಿನಲ್ಲಿ ದೋಣಿಯನ್ನು ತುಂಬಿಸಿ ಮುಳುಗಿಸಿಡುವುದು, ಭಾನುವಾರ ನೀರು ಚೆಲ್ಲಿ ಹೊರಡುವುದು ಅವರ ಸಲಹೆ. ಎರಡು ವಾರ ಹಾಗೆಯೇ ಮಾಡಿದೆವು. ಸೋರಿಕೆ ನಿಂತಿತು. ಆದರೆ ಮೂರು ಗಂಟೆಯ ವಿಹಾರಕ್ಕಾಗಿ ಹಿಂದಿನ ದಿನವೇ ನಾಲ್ಕು ಜನರನ್ನು ಕರೆದು 260 ಕಿಲೋ ದೋಣಿಯನ್ನು ಇಳಿಸಬೇಕು, ರಾತ್ರಿ ಕಾಯಬೇಕು, ಮರುದಿನ ನೀರು ಕುಡಿದು ಇನ್ನಷ್ಟು ಭಾರವಾದ ದೋಣಿಯನ್ನು ಮತ್ತೆ ಏರಿಸಬೇಕು. ಜೊತೆಗೆ, ಹೀಗೆ ಪ್ರತಿ ವಾರ ಉಬ್ಬಿ ಕುಗ್ಗುವ ಹಲಗೆ ತನ್ನ ಮೊಳೆಗಳನ್ನೇ ಸಡಿಲಿಸಿಕೊಳ್ಳುತ್ತದೆ.

ಹಾಗಾದರೆ ದೋಣಿ ನೀರಿನಲ್ಲಿಯೇ ಇರಲಿ ಎಂಬ ತೀರ್ಮಾನಕ್ಕೆ ಬಂದೆವು. ಏಪ್ರಿಲ್ ಕೊನೆಯಿಂದ ಮೇ ಕೊನೆಯವರೆಗೆ ಅದು ಗೂಟಕ್ಕೆ ಕಟ್ಟಿ ಹೊಳೆಯಲ್ಲಿಯೇ ತೇಲುತ್ತಿತ್ತು. ಸೋರಿಕೆ ಇಲ್ಲ, ಸಡಗರದ ವಿಹಾರ, ಎಲ್ಲವೂ ಸರಿಯಾಯಿತೆಂದು ನಾನು ನಂಬಿದೆ. ಮಳೆಗೆ ಮುನ್ನ ಏರಿಸಿದಾಗ ತಳದಲ್ಲಿ ಬರ್ನಾಕಲ್ ಚಿಪ್ಪುಗಳು ಹಬ್ಬಿದ್ದವು. ಅವನ್ನು ಕೆರೆದು ತೆಗೆಯಬಹುದು. ಕೆರೆದು ತೆಗೆಯಲಾಗದ್ದು ನಡುಹಲಗೆಯ ಗೂಡಿನೊಳಗಿತ್ತು. ಅಲ್ಲಿ ಸೂಜಿಯ ಮೊನೆಯಷ್ಟು ತೂತುಗಳು ಸಾಲಾಗಿ ಕಾಣುತ್ತಿದ್ದವು: ಹಡಗುಹುಳು. ಹೊರಗಿನಿಂದ ತೂತು ಕಣ್ಣಿಗೇ ಬೀಳದಷ್ಟು ಸಣ್ಣದು. ಒಳಗೆ ಹುಳು ಬೆಳೆಯುತ್ತ ಮರದ ಎಳೆಯ ಗುಂಟ ಸುಣ್ಣದ ಪದರ ಬಳಿದ ಸುರಂಗ ಕೊರೆಯುತ್ತದೆ. ಮಳೆಗಾಲದಲ್ಲಿ ಹೊಳೆಗೆ ಸಿಹಿನೀರು ನುಗ್ಗಿದಾಗ ಅದಕ್ಕೆ ಉಳಿಗಾಲವಿಲ್ಲ. ಬೇಸಗೆಯ ಕೊನೆಯಲ್ಲಿ ನೀರು ಅತಿ ಉಪ್ಪಾಗಿರುವ ತಿಂಗಳುಗಳನ್ನೇ ನಾವು ಆರಿಸಿಕೊಂಡಿದ್ದೆವು. ಮೀನುಗಾರರು ಕೆಲಸ ಮುಗಿದೊಡನೆ ದೋಣಿಯನ್ನು ದಡಕ್ಕೆಳೆದು, ಆಗಾಗ ಎಣ್ಣೆ ಹಚ್ಚುತ್ತ ಇದರಿಂದ ಪಾರಾಗುತ್ತಾರೆ. ಕೈಯೂ ಕುಂಚವೂ ತಲುಪದ ಆ ಇಕ್ಕಟ್ಟಿನ ಗೂಡು ನಾನು ಸೇರಿಸಿದ್ದು, ಹುಳು ಹೊಕ್ಕದ್ದೂ ಅಲ್ಲಿಂದಲೇ.

ಮೂರನೆಯ ಪ್ರಯತ್ನ ಅವಸರದ್ದು. ಹುಳು ತಿಂದ ಮರವನ್ನು ಕತ್ತರಿಸಿ ಬದಲಿಸಿ, ಇಡೀ ತಳಕ್ಕೆ ಫೈಬರ್, ಅಂದರೆ ರೆಸಿನ್ ಅಂಟು ಕುಡಿಸಿದ ಗಾಜಿನ ಎಳೆಯ ಹಾಳೆ, ಹೊದಿಸುವುದೆಂದು ನಿರ್ಧರಿಸಿದೆವು. ಜೂನ್ ಮೊದಲ ವಾರ, ಮಳೆ ಆಗಲೇ ಹಿಡಿದಿತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಫೈಬರ್ ಕೆಲಸದವರೆಲ್ಲ ದೋಣಿ ರಿಪೇರಿಯಲ್ಲಿ ಮುಳುಗಿರುತ್ತಾರೆ. ನಮಗೆ ಸಿಕ್ಕ ಎರಡು ದಿನಗಳನ್ನು ಬಿಡಲು ಮನಸ್ಸಾಗಲಿಲ್ಲ. ಅವರು ತಮ್ಮ ರೂಢಿಯಂತೆ ಪಾಲಿಯೆಸ್ಟರ್ ರೆಸಿನ್ ಬಳಸಿ ಅಚ್ಚುಕಟ್ಟಾಗಿ ಹೊದಿಸಿದರು. ಅವರ ಕೆಲಸದಲ್ಲಿ ತಪ್ಪಿರಲಿಲ್ಲ. ಪಾಲಿಯೆಸ್ಟರ್ ಗಾಜಿನ ಎಳೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ, ಆದರೆ ಮರದ ಮೇಲೆ ಅದರ ಹಿಡಿತ ದುರ್ಬಲ. ಎಣ್ಣೆ ಕುಡಿದ, ಒಂದು ತಿಂಗಳಿಡೀ ನೀರಿನಲ್ಲಿದ್ದ ಮರದ ಮೇಲೆ ಹಿಡಿತವೇ ಇಲ್ಲವೆನ್ನಬೇಕು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಇನ್ನೊಂದು ವಾರ ಕಾಯೋಣವೆಂದು ಹೇಳುವ ಧೈರ್ಯವನ್ನು ನಾನು ಮಾಡಲಿಲ್ಲ.

ಅಕ್ಟೋಬರಿನಲ್ಲಿ ತಳದ ಮೇಲೆ ತಟ್ಟಿದರೆ ಅಲ್ಲಲ್ಲಿ ಟೊಳ್ಳು ಸದ್ದು ಬರುತ್ತಿತ್ತು. ಒಂದು ಮೂಲೆಗೆ ಉಳಿ ಹಾಕಿ ಎತ್ತಿದಾಗ ಫೈಬರ್ ಹಾಳೆ ಬಾಳೆಯ ಪಟ್ಟೆಯಂತೆ ಬಿಚ್ಚಿಕೊಂಡು ಬಂತು. ಹಾಳೆ ಮತ್ತು ಹಲಗೆಯ ನಡುವೆ ಸಿಕ್ಕಿಕೊಂಡ ನೀರಿಗೆ ಹೊರಹೋಗುವ ದಾರಿಯಿರಲಿಲ್ಲ. ಮಳೆಗಾಲದ ನಾಲ್ಕು ತಿಂಗಳು ಅದು ಅಲ್ಲಿಯೇ ನಿಂತು, ಎರಡು ಹಲಗೆಗಳನ್ನು ಬೆರಳಿನಿಂದ ಒತ್ತಿದರೆ ಕುಸಿಯುವಷ್ಟು ಕುಂಬಾಗಿಸಿತ್ತು.

ತಿರುವು

ಆ ದಿನ ಕೊಟ್ಟಿಗೆಯಲ್ಲಿ ಮೂವರೂ ಬಹಳ ಹೊತ್ತು ಮಾತಿಲ್ಲದೆ ಕುಳಿತಿದ್ದೆವು. ಮೊದಲು ಮಾತನಾಡಿದವರು ಅಧ್ಯಾಪಕರು: "ಆಚಾರ್ರೆ, ಈ ದೋಣಿ ದಿನಾ ಹೊಳೆಗೆ ಹೋಗುವವರ ಮನೆಯಲ್ಲಿದ್ದಿದ್ದರೆ ಹೀಗಾಗುತ್ತಿತ್ತೇ?" ಆಚಾರ್ಯರು ಇಲ್ಲವೆಂದು ತಲೆಯಾಡಿಸಿದರು. ಪ್ರಕರಣದ ದಿಕ್ಕು ಬದಲಾದದ್ದು ಆ ಪ್ರಶ್ನೆಯಿಂದ. ಅದುವರೆಗೆ ನಾವು ದೋಣಿಯ ರೋಗಕ್ಕೆ ಔಷಧ ಹುಡುಕುತ್ತಿದ್ದೆವು. ಅಂಚಿಗಂಚು ತಾಗಿಸಿ ಕಟ್ಟಿದ ದೋಣಿ ಸದಾ ತೇವದಲ್ಲಿರುವ ಬದುಕಿಗೆ ರೂಪುಗೊಂಡದ್ದು. ಅದರ ಹಲಗೆಗಳು ಅಲುಗಾಡಬೇಕು, ಉಬ್ಬಬೇಕು, ಉಬ್ಬಿ ಒಂದನ್ನೊಂದು ಒತ್ತಿ ಹಿಡಿಯಬೇಕು. 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿದ ಕೌಂಡಿನ್ಯ ಎಂಬ ಹಡಗಿನ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದಿರುವುದನ್ನು ಅನೇಕರು ಓದಿರಬಹುದು. ಆ ಕಟ್ಟೋಣದ ಬಲವಿರುವುದೂ ಮರದ ಚಲನೆಗೆ ಎಡೆ ಕೊಡುವುದರಲ್ಲಿಯೇ. ಅಂಥ ಚಲನೆಯ ಮೇಲೆ ನಾವು ಗಡಸು ಹಾಳೆಯನ್ನು ಅಂಟಿಸಲು ಹೋಗಿದ್ದೆವು. ವಾರದಲ್ಲಿ ಆರು ದಿನ ಬಿಸಿ ತಗಡಿನ ಕೆಳಗೆ ಮಲಗುವ ದೋಣಿಗೆ ಬೇಕಾದದ್ದು ಉಬ್ಬದ, ಕುಗ್ಗದ ಮೈ.

ಎರಡು ನಿರ್ಧಾರಗಳಾದವು. ಒಂದು, ಇದೇ ಆಕಾರದ ಎರಡನೆಯ ದೋಣಿಯನ್ನು ಮೆರೈನ್ ಪ್ಲೈವುಡ್ಡಿನಲ್ಲಿ ಕಟ್ಟುವುದು. ಇನ್ನೊಂದು, ಮೊದಲನೆಯದರ ಫೈಬರನ್ನು ಪೂರ್ತಿ ಕಿತ್ತು, ಕುಂಬಾದ ಹಲಗೆ ಬದಲಿಸಿ, ನಡುಹಲಗೆಯ ಸೀಳನ್ನು ಮುಚ್ಚಿ, ಏಪ್ರಿಲಿನಲ್ಲಿ ಅವರನ್ನು ಎಳೆದು ತಂದ ನೆರೆಯವರಿಗೆ ಕೊಡುವುದು.

ಎರಡನೆಯ ದೋಣಿ

ಪ್ಲೈವುಡ್ಡಿನಲ್ಲಿ ತೆಳು ಪದರಗಳನ್ನು ಎಳೆಗಳು ಒಂದಕ್ಕೊಂದು ಅಡ್ಡವಾಗುವಂತೆ ಅಂಟಿಸಿರುವುದರಿಂದ ಒಂದು ಪದರ ಕುಗ್ಗಹೊರಟರೆ ಇನ್ನೊಂದು ತಡೆಯುತ್ತದೆ. ಮೆರೈನ್ ಪ್ಲೈವುಡ್ಡಿನ ಭಾರತೀಯ ಮಾನಕವಾದ ಐಎಸ್ 710 ಗುರುತಿನ ಹಾಳೆಗಳ ಅಂಟು 72 ಗಂಟೆ ಕುದಿನೀರನ್ನು ತಡೆಯಬೇಕೆಂಬ ನಿಯಮವಿದೆ. ಗುರುತೊಂದನ್ನೇ ನಂಬದೆ, ತಂದ ಪ್ರತಿ ಹಾಳೆಯಿಂದ ಅಂಗೈಯಗಲದ ತುಂಡನ್ನು ಕತ್ತರಿಸಿ ಅಧ್ಯಾಪಕರ ಮನೆಯ ಬಚ್ಚಲ ಹಂಡೆಯಲ್ಲಿ ಕುದಿಸಿ, ಒಣಗಿಸಿ, ಮತ್ತೆ ಕುದಿಸಿದೆವು. ಒಂದು ಹಾಳೆಯ ತುಂಡು ಪದರ ಬಿಟ್ಟಿತು, ಇನ್ನೊಂದರ ಅಂಚಿನಲ್ಲಿ ಒಳಗಿನ ಪೊಳ್ಳು ಕಂಡಿತು, ಎರಡನ್ನೂ ಹಿಂದಿರುಗಿಸಿದೆವು. ಈ ಪರೀಕ್ಷೆಗೆ ತಗಲುವುದು ಸೌದೆ ಮತ್ತು ತಾಳ್ಮೆ ಮಾತ್ರ.

ಆರು ಮಿಲಿಮೀಟರ್ ದಪ್ಪದ ಪಟ್ಟಿಗಳನ್ನು ಹೆಂಚು ಹೊದಿಸಿದಂತೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವ ಹಾಗೆ ಜೋಡಿಸಿ, ನಡುವೆ ಎಪಾಕ್ಸಿ ಅಂಟು ಹಾಕುವ ಕ್ರಮವನ್ನು ಆರಿಸಿದೆವು. ಇದರಲ್ಲಿ ಪ್ರತಿ ಜೋಡಣೆಯೂ ಎರಡು ಪದರದ ದಪ್ಪವಾಗಿ ಉದ್ದಕ್ಕೆ ಬಲ ಕೊಡುವುದರಿಂದ ಪಕ್ಕೆಮರಗಳ ಅಗತ್ಯ ತುಂಬ ಕಡಿಮೆ. ಅಂಚನ್ನು ಮುಂತುದಿಯಿಂದ ಹಿಂತುದಿಯವರೆಗೆ ಬದಲಾಗುತ್ತ ಹೋಗುವ ಓರೆಯಲ್ಲಿ ಕೀಸಬೇಕು. ಲೆಕ್ಕ ಹಾಕಿ ಮಾಡಹೊರಟರೆ ದಿನಗಟ್ಟಲೆ ಹಿಡಿಯುವ ಕೆಲಸ ಅದು. ಆಚಾರ್ಯರಿಗೆ ಪ್ಲೈವುಡ್ಡಿನ ಬಗ್ಗೆ ಮೊದಲು ಒಲವಿರಲಿಲ್ಲ, ಅದು ಕಪಾಟಿನ ಸಾಮಾನು ಎನ್ನುತ್ತಿದ್ದರು. ಮೂರನೆಯ ಪಟ್ಟಿಯ ಹೊತ್ತಿಗೆ ಅವರ ಕೀಸುಳಿ ಆ ಓರೆಯನ್ನು ಕೈಯ ಅಂದಾಜಿನಲ್ಲಿಯೇ ಹಿಡಿದಿತ್ತು, ಮತ್ತು ಐದನೆಯದರಿಂದ ನಾನು ಅಳತೆಪಟ್ಟಿಯನ್ನು ಒಳಗಿಟ್ಟೆ.

ಎಪಾಕ್ಸಿಗೆ ಕರಾವಳಿಯ ಹವೆ ಹಗೆ. ಗಾಳಿಯಲ್ಲಿ ತೇವ ಹೆಚ್ಚಾದರೆ ಗಟ್ಟಿಯಾದ ಮೇಲ್ಮೈಯಲ್ಲಿ ಮೇಣದಂಥ ಜಿಡ್ಡು ಕೂರುತ್ತದೆ, ಅದರ ಮೇಲೆ ಹಚ್ಚಿದ ಮುಂದಿನ ಪದರ ಹಿಡಿಯುವುದಿಲ್ಲ. ಆದ್ದರಿಂದ ಕೆಲಸವನ್ನು ಡಿಸೆಂಬರ್ ಮತ್ತು ಮಾರ್ಚ್ ನಡುವೆಯೇ ಮಾಡಿದೆವು, ಪ್ರತಿ ಪದರದ ಬಳಿಕ ಬರಿಯ ನೀರಿನಿಂದ ತೊಳೆದು ಒರೆಸಿ ಉಜ್ಜಿದೆವು, ಬಿಸಿಲೇರಿದ ಮೇಲೆ ಮಿಶ್ರಣ ಬಟ್ಟಲಿನಲ್ಲಿಯೇ ಗಟ್ಟಿಯಾಗುವುದರಿಂದ ಬೆಳಗ್ಗೆ ಹತ್ತರೊಳಗೆ ಅಂಟಿನ ಕೆಲಸ ಮುಗಿಸಿದೆವು. ನಡುಹಲಗೆಯ ಗೂಡಿನ ಒಳಮೈಗೆ, ಗೂಡನ್ನು ಜೋಡಿಸುವ ಮೊದಲೇ, ಎಪಾಕ್ಸಿಯ ಮೂರು ಪದರ ಮತ್ತು ಗಾಜಿನ ಬಟ್ಟೆ ಹಚ್ಚಲಾಯಿತು. ಮುಂದೆಯೂ ಹಿಂದೆಯೂ ಗಾಳಿ ತುಂಬಿದ ಮುಚ್ಚುಗೂಡುಗಳನ್ನಿಟ್ಟೆವು. ಒಟ್ಟು ತೂಕ 165 ಕಿಲೋ.

ನೀರಿಗಿಳಿಸಿದ ದಿನ ವಿಹಾರಕ್ಕೆ ಹೋಗಲಿಲ್ಲ. ಎದೆಮಟ್ಟದ ನೀರಿನಲ್ಲಿ, ಹಾಯಿ ಕಟ್ಟಿಕೊಂಡೇ, ದೋಣಿಯನ್ನು ಬೇಕೆಂದೇ ಮಗುಚಿ, ಮತ್ತೆ ನೆಟ್ಟಗೆ ಮಾಡಿ, ತುಂಬಿದ ನೀರಿನೊಡನೆ ಇಬ್ಬರು ದೊಡ್ಡವರನ್ನು ಹೊತ್ತು ಅದು ತೇಲುತ್ತದೆಯೇ ಎಂದು ನೋಡಿದೆವು. ತೇಲಿತು. ಮೊಮ್ಮಗಳು ತಾನೂ ಮಗುಚಬೇಕೆಂದು ಹಟ ಹಿಡಿದು ಎರಡು ಸಲ ಮಗುಚಿದಳು.

ಪರಿಣಾಮ

ಎರಡನೆಯ ದೋಣಿ ಎರಡು ಬೇಸಗೆಗಳನ್ನು ಅದೇ ತಗಡಿನ ಕೊಟ್ಟಿಗೆಯಲ್ಲಿ ಕಳೆದಿದೆ, ಸೋರಿಲ್ಲ. ಇಬ್ಬರೇ ಗಾಲಿಬಂಡಿಯಲ್ಲಿ ಅದನ್ನು ಇಳಿಸಿ ಏರಿಸುತ್ತಾರೆ. ಅಧ್ಯಾಪಕರು ಈಗ ಉಬ್ಬರ ಇಳಿತದ ವೇಳೆಯನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟು, ಹಿಂದಿರುಗುವ ಹೊತ್ತಿಗೆ ಭರತ (ನೀರೇರುವ ಉಬ್ಬರ) ಇರುವ ದಿನಗಳಲ್ಲಿ ಮಾತ್ರ ಹೊಳೆಯ ಪಶ್ಚಿಮಭಾಗಕ್ಕೆ ಹೋಗುತ್ತಾರೆ.

ಮೊದಲ ದೋಣಿಯ ಗತಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದೆ. ನೆರೆಯವರು ಅದನ್ನು ದಿನವೂ ಬೆಳಗಿನ ಜಾವ ಹೊಳೆಗಿಳಿಸಿ, ಬಲೆ ಎತ್ತಿ ಬಂದ ಮೇಲೆ ಮರದ ನೆರಳಿನ ಒದ್ದೆ ಮರಳಿಗೆ ಎಳೆಯುತ್ತಾರೆ, ಎರಡು ತಿಂಗಳಿಗೊಮ್ಮೆ ಮೀನೆಣ್ಣೆ ಹಚ್ಚುತ್ತಾರೆ. ಅದೇ ಹಲಗೆ, ಅದೇ ಮೊಳೆ, ಅದೇ ಸಂದುಗಳು. ಒಂದು ಹನಿ ಸೋರುವುದಿಲ್ಲ. ದೋಣಿ ಕಟ್ಟಿಸಬೇಕೆಂದು ಈಗ ಯಾರಾದರೂ ನನ್ನಲ್ಲಿಗೆ ಬಂದರೆ, ಎಷ್ಟು ಜನ ಕೂರುತ್ತಾರೆ, ಎಷ್ಟು ವೇಗ ಬೇಕು ಎಂದು ಕೇಳುವ ಮೊದಲು, ದೋಣಿ ನಿಲ್ಲುವ ಜಾಗವನ್ನು ತೋರಿಸಲು ಹೇಳುತ್ತೇನೆ: ಮಾಡಿನ ಬಗೆ, ಬಿಸಿಲಿನ ದಿಕ್ಕು, ನೀರಿಗೆ ಎಷ್ಟು ದೂರ, ಎಳೆಯಲು ಎಷ್ಟು ಕೈಗಳು, ನೀರು ಎಷ್ಟು ಉಪ್ಪು. ಹಲಗೆಯ ಬಗೆಯನ್ನು ಆ ಜಾಗದಲ್ಲಿ ನಿಂತೇ ತೀರ್ಮಾನಿಸುತ್ತೇನೆ.

ಹೊಸ ದೋಣಿಯಲ್ಲಿ ಇನ್ನೂ ಒಂದು ತೊಂದರೆ ಉಳಿದಿದೆ. ತೆಳುನೀರಿನಲ್ಲಿ ತಳ ತಾಗಿದಾಗ ಮರಳು ನಡುಹಲಗೆಯ ಸೀಳಿಗೆ ನುಗ್ಗಿ, ಅದರ ತುಟಿಯಲ್ಲಿ ಎಪಾಕ್ಸಿಯನ್ನು ಸವೆಸುತ್ತದೆ. ಪ್ಲೈವುಡ್ಡಿನ ಅಂಚು ಒಮ್ಮೆ ತೆರೆದುಕೊಂಡರೆ ನೀರು ಪದರಗಳ ನಡುವೆ ಏರುತ್ತದೆ. ಅದಕ್ಕಾಗಿ ಪ್ರತಿ ಡಿಸೆಂಬರಿನಲ್ಲಿ ದೋಣಿಯನ್ನು ಬೋರಲು ಹಾಕಿ, ಆ ತುಟಿಯನ್ನು ಉಜ್ಜಿ, ಒಂದು ವಾರ ಒಣಗಲು ಬಿಟ್ಟು, ಮತ್ತೆ ಲೇಪಿಸುತ್ತೇವೆ. ಈ ಸಲ ಆಚಾರ್ಯರು ಆ ತುಟಿಗೆ ಬೋಗಿಯ ತೆಳುಪಟ್ಟಿಯೊಂದನ್ನು ಕೂರಿಸಿ ನೋಡೋಣ ಎಂದಿದ್ದಾರೆ; ಪಟ್ಟಿಯನ್ನು ಸೀಳಿ ಕೊಟ್ಟಿಗೆಯ ನೆರಳಿನಲ್ಲಿ ಒಣಗಲು ಇಟ್ಟಿದ್ದೇವೆ.